ಅಡಿಕೆಯ ಪೇಟೆ ನಮ್ಮ ಶಿರಸಿ

ಶಿರಸಿ ಎಂದೊಡನೆ ದೂರದ ಊರಿನವರಿಗೆ ನೆನಪಾಗುವುದು ಮಾರಿಕಾಂಬೆ. ನಮ್ಮ ಮನ್ಮನೆ ಕಡೆಯವರಿಗೆ ಮಾತ್ರ ಶಿರಸಿ ಎಂದರೆ ಮೊದಲು ಪೇಟೆ. "ಅಡಿಕೆ ಶಿರಸಿಗೆ ಹೋಯ್ತಾ?" ಎಂಬ ಒಂದು ಮಾತಿನಲ್ಲಿ ಮಗಳ ಮದುವೆ, ಮಗನ ಓದು, ಮಾಡಿನ ರಿಪೇರಿ ಎಲ್ಲವೂ ಅಡಗಿರುತ್ತದೆ.

ಹಿಂದೆ ಇದು ಸೋದೆ ಅರಸರ ಸೀಮೆ. ಮಾರಿಕಾಂಬೆಯ ಪ್ರತಿಷ್ಠೆ 1688ರಲ್ಲಿ ಆಯಿತೆನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಅಮ್ಮನವರನ್ನು ಕೂರಿಸಿ ನಡೆಸುವ ಜಾತ್ರೆಗೆ ಘಟ್ಟದ ಮೇಲಿನವರೂ ಕೆಳಗಿನವರೂ ಬಂದು ಸೇರುತ್ತಾರೆ. ಬಳೆ ಇಡಿಸಿಕೊಳ್ಳದೆ ಮರಳುವ ಹೆಂಗಸರುಂಟೇ! ಗಾಂಧೀಜಿ ಶಿರಸಿಗೆ ಬಂದದ್ದು 1934ರಲ್ಲಿ. ಅದೇ ಸುಮಾರಿಗೆ ಜಾತ್ರೆಯ ಕೋಣನ ಬಲಿಯೂ ನಿಂತಿತು.

1862ರಿಂದ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆಗೆಲ್ಲ ಮಾಲು ಗಾಡಿಯ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಮಳೆಗಾಲದ ಖರ್ಚಿಗೆ ಸಾಹುಕಾರರಲ್ಲಿ ಸಾಲ ತಂದವರು ಅವರು ಹೇಳಿದ ದರಕ್ಕೇ ಅಡಿಕೆ ಕೊಡಬೇಕಿತ್ತು. ಇದಕ್ಕೆ ಉಪಾಯವಾಗಿ ಬೆಳೆಗಾರರೇ ಒಟ್ಟಾಗಿ 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಅದೇ ಇಂದಿನ ಟಿ.ಎಸ್.ಎಸ್. ಅಡಿಕೆ ರಾಶಿಗಳನ್ನು ನೋಡಿ ವ್ಯಾಪಾರಿಗಳು ಟೆಂಡರು ಹಾಕುತ್ತಾರೆ, ಹೆಚ್ಚಿಗೆ ಬರೆದವರಿಗೆ ಮಾಲು. ಸೊಸೈಟಿಯ ಸೂಪರ್ ಮಾರ್ಕೆಟ್ಟಿನಲ್ಲಿ ಈಗ ಉಪ್ಪಿನಿಂದ ಹಿಡಿದು ಮಿಕ್ಸರಿನವರೆಗೆ ಎಲ್ಲ ಸಿಗುತ್ತದೆ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತೂ ಸಿಕ್ಕಿತು.

ಆದರೆ ಆ ಅಡಿಕೆ ಪೇಟೆ ಮುಟ್ಟುವ ಮೊದಲು ಯಾರ ಕೈ ದಾಟಿ ಹೋಗುತ್ತದೆ? ಕೊನೆ ಇಳಿಸುವವರು ಗಂಡಸರು, ಸರಿ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳು ಮೀರಿ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹತ್ತರವರೆಗೆ ಕೂರುವವರು, ಮೋಡ ಕಂಡರೆ ಒಲೆಯ ಮೇಲಿನ ಸಾರು ಬಿಟ್ಟು ಅಂಗಳಕ್ಕೆ ಓಡುವವರು, ಬೆಟ್ಟೆ, ರಾಶಿ, ಗೋಟು ಎಂದು ಆರಿಸುವವರು ಹೆಚ್ಚಾಗಿ ನಾವೇ. ಕೈಗೆ ಹತ್ತಿದ ಚೊಗರಿನ ಕಪ್ಪು ವಾರವಾದರೂ ಹೋಗುವುದಿಲ್ಲ. ಈಗ ಸುಲಿಯುವ ಮಶೀನು ಬಂದಿದೆ ನಿಜ, ಆರಿಸುವುದು, ಒಣಗಿಸುವುದು ತಪ್ಪಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಂತೂ ಐವತ್ತು ದಾಟಿದ ಇಬ್ಬರೇ ಎಲ್ಲವನ್ನೂ ಮಾಡಬೇಕು.

ಇಷ್ಟಾಗಿ ಪಟ್ಟಿ ಬರುವುದು ಸಾಮಾನ್ಯವಾಗಿ ಯಜಮಾನರ ಹೆಸರಿಗೆ. ಜಗಳವಾಡಿ ಎಂದು ನಾನು ಹೇಳುತ್ತಿಲ್ಲ ಸೋದರಿಯರೇ. ಈ ಸಲ ಎಷ್ಟು ಚೀಲ ಹೋಯಿತು, ಯಾವ ದರ ಸಿಕ್ಕಿತು, ಸಾಲಕ್ಕೆ ಮುರಿದದ್ದೆಷ್ಟು ಎಂದು ಕೂತು ಕೇಳಿ, ಬರೆದಿಡಿ. ತೋಟದ ಪಹಣಿಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರೂ ಸೇರಲಿ. ನಾಳೆ ಯಜಮಾನರು ಹಾಸಿಗೆ ಹಿಡಿದರೆ ಲೆಕ್ಕ ತಿಳಿಯದ ಹೆಂಗಸು ಯಾರ ಬಾಗಿಲಿಗೆ ಹೋಗಬೇಕು?

ನೂರು ವರ್ಷದ ಹಿಂದೆ ಬೆಳೆಗಾರರು ದರ ಕೇಳಲು ಕಲಿತದ್ದರಿಂದಲೇ ಶಿರಸಿ ಪೇಟೆ ಬೆಳೆಯಿತು. ಮನೆಯೊಳಗೆ ಲೆಕ್ಕ ಕೇಳುವ ಸರದಿ ಈಗ ನಮ್ಮದು.