ಸರ್ಪಗಂಧದ ಬೇರು

ಪಶ್ಚಿಮಘಟ್ಟದ ತೇವಭರಿತವಾದ ಕಾಡುಗಳಲ್ಲಿ ಮರಗಳ ನೆರಳನ್ನಾಶ್ರಯಿಸಿ ಬೆಳೆಯುವ ಸರ್ಪಗಂಧವು, ನಮ್ಮ ಅಂಗಳದ ಕಣಗಿಲೆ, ನಿತ್ಯಪುಷ್ಪಗಳ ಕುಟುಂಬಕ್ಕೇ ಸೇರಿದ ಪುಟ್ಟ ಗಿಡ. ಅದರ ಕಹಿಬೇರನ್ನು ನಾಟಿವೈದ್ಯರು ಹಾವಿನ ಕಡಿತಕ್ಕೂ, ಉನ್ಮಾದಕ್ಕೂ, ನಿದ್ರಾನಾಶಕ್ಕೂ ಬಹುಕಾಲದಿಂದ ಕೊಡುತ್ತ ಬಂದಿದ್ದರು. ಈ ಉಪಯೋಗಗಳಲ್ಲಿ ಯಾವುದು ದಿಟ, ಯಾವುದು ಕೇವಲ ರೂಢಿ ಎಂದು ವಿಂಗಡಿಸುವ ಕಾರ್ಯವು ಇಪ್ಪತ್ತನೆಯ ಶತಮಾನದ ಪಾಲಿಗೆ ಬಂದಿತು.

1931ರಲ್ಲಿ ದೆಹಲಿಯ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು ಬೇರಿನಿಂದ ಆಲ್ಕಲಾಯ್ಡುಗಳೆಂಬ ಹಲವು ಸಸ್ಯಸತ್ತ್ವಗಳನ್ನು ಬೇರ್ಪಡಿಸಿ, ಅವುಗಳಲ್ಲೊಂದಕ್ಕೆ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರ ಗೌರವಾರ್ಥವಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು, ಬೇರಿನ ಚೂರ್ಣವು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ಇಳಿಸುವುದೆಂದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳಲ್ಲಿ ಕಂಡ ಫಲವನ್ನು ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ವಿವರಿಸಿದ ಬಳಿಕ, ಪಾಶ್ಚಾತ್ಯ ವೈದ್ಯಲೋಕದ ದೃಷ್ಟಿ ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರಿಸರ್ಪೀನ್ ಎಂಬ ಪ್ರಧಾನ ಸತ್ತ್ವವು ಶುದ್ಧರೂಪದಲ್ಲಿ ದೊರೆಯಿತು. ಬೇರಿನ ಗುಣ ಒಂದೊಂದು ಗಿಡದಲ್ಲಿ ಒಂದೊಂದು ಪ್ರಮಾಣದಲ್ಲಿರುವುದರಿಂದ, ಮಿಲಿಗ್ರಾಮಿನ ಕಾಲುಭಾಗವನ್ನೂ ತಪ್ಪದೆ ಅಳೆದುಕೊಡಬಲ್ಲ ಈ ಶುದ್ಧಸತ್ತ್ವವು ವೈದ್ಯರಿಗೆ ಮಹೋಪಕಾರಿಯಾಯಿತು.

ನರಗಳ ತುದಿಯಲ್ಲಿ ನಾರ್‌ಅಡ್ರಿನಲೀನ್, ಸಿರೊಟೋನಿನ್, ಡೋಪಮೀನ್ ಮೊದಲಾದ ಸಂದೇಶವಾಹಕ ದ್ರವ್ಯಗಳು ಸೂಕ್ಷ್ಮವಾದ ಕೋಶಿಕೆಗಳಲ್ಲಿ, ಕಣಜದಲ್ಲಿ ಕಾಳು ತುಂಬಿಟ್ಟಂತೆ, ಶೇಖರವಾಗಿರುತ್ತವೆ. ರಿಸರ್ಪೀನು ಈ ತುಂಬುವ ವ್ಯಾಪಾರವನ್ನೇ ತಡೆಯುವುದರಿಂದ, ಹೊರಗುಳಿದ ದ್ರವ್ಯವು ಕಿಣ್ವಗಳ ಪಾಲಾಗಿ ನಶಿಸುತ್ತದೆ. ರಕ್ತನಾಳಗಳನ್ನು ಬಿಗಿಹಿಡಿಯುವ ಆಜ್ಞೆ ಕ್ಷೀಣಿಸಿ, ಒತ್ತಡ ತಗ್ಗುತ್ತದೆ. ಆದರೆ ಇದೇ ಬರಿದಾಗುವಿಕೆ ಮಿದುಳಿನಲ್ಲಿಯೂ ನಡೆಯುವುದರಿಂದ, ಕೆಲವು ರೋಗಿಗಳಲ್ಲಿ ಜಡತೆಯೂ ಖಿನ್ನತೆಯೂ ತಲೆದೋರಿದುವು. ಮುಂದೆ ಹೆಚ್ಚು ನಿರಪಾಯವಾದ ಔಷಧಗಳು ಬಂದಾಗ ರಿಸರ್ಪೀನು ಹಿಂದೆ ಸರಿಯಬೇಕಾಯಿತು.

ಔಷಧವಾಗಿ ಕುಂದೆನಿಸಿದ ಈ ಲಕ್ಷಣವೇ ಶೋಧಕರಿಗೆ ದಾರಿ ತೋರಿಸಿತೆಂಬುದು ಈ ಬೇರಿನ ಕಥೆಯಲ್ಲಿ ನನಗೆ ಅತ್ಯಂತ ಮನನೀಯವಾಗಿ ತೋರುವ ಅಂಶ. 1950ರ ದಶಕದ ಉತ್ತರಾರ್ಧದಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರಿಸರ್ಪೀನಿನಿಂದ ಚಲನೆಯಡಗಿ ಕುಸಿದಿದ್ದ ಮೊಲಗಳಿಗೆ, ದೇಹದಲ್ಲಿ ಡೋಪಮೀನಾಗಿ ಮಾರ್ಪಡುವ ಎಲ್-ಡೋಪಾವನ್ನು ಚುಚ್ಚಿದಾಗ, ಅವು ಅಲ್ಪಕಾಲದಲ್ಲೇ ಎದ್ದು ಓಡಾಡತೊಡಗಿದುವು. ಚಲನೆಯ ನಿಯಂತ್ರಣದಲ್ಲಿ ಡೋಪಮೀನಿಗೆ ಸ್ವತಂತ್ರವಾದ ಪಾತ್ರವುಂಟೆಂಬ ಈ ತಿಳಿವಿನಿಂದ ಪಾರ್ಕಿನ್ಸನ್ ವ್ಯಾಧಿಯ ಚಿಕಿತ್ಸೆಗೆ ಮಾರ್ಗ ತೆರೆಯಿತು. ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲೂ ಸಂದಿತು. ಆದುದರಿಂದ ಸಸ್ಯಸತ್ತ್ವದ ಬೆಲೆಯನ್ನು ಅದು ಗುಣಪಡಿಸಿದ ರೋಗಗಳಿಂದ ಮಾತ್ರವೇ ಎಣಿಸತಕ್ಕುದಲ್ಲ. ಕೀಟಗಳನ್ನೂ ಮೇಯುವ ಪ್ರಾಣಿಗಳನ್ನೂ ದೂರವಿಡಲೆಂದು ಗಿಡವು ನಿರ್ಮಿಸಿಕೊಂಡ ದ್ರವ್ಯವು ನಮ್ಮ ದೇಹದ ಯಾವ ಮರ್ಮವನ್ನು ಮುಟ್ಟುವುದೆಂದು ಅರಿತರೆ, ಆ ಅರಿವಿನಿಂದಲೇ ಬೇರೊಂದು ಮದ್ದು ಹುಟ್ಟಬಹುದು.

ಹಾವಿನ ವಿಷಕ್ಕೆ ವೈದ್ಯರು ಇಂದು ನೆಚ್ಚುವುದು ಪ್ರತಿವಿಷದ ಚುಚ್ಚುಮದ್ದನ್ನೇ ಹೊರತು ಈ ಬೇರನ್ನಲ್ಲ. ಮನೆಯಲ್ಲಿ ಅರೆದು ಕುಡಿಯುವುದೂ ಅಪಾಯಕರ. ಬೇರಿಗಾಗಿ ಅಗೆದರೆ ಗಿಡವೇ ಸಾಯುವುದರಿಂದ ಕಾಡಿನಲ್ಲಿ ಸರ್ಪಗಂಧವು ವಿರಳವಾಗಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವೂ ಉಂಟು. ಬೇಕಾದವರು ಅದನ್ನು ಹೊಲದಲ್ಲಿ ಬೆಳೆದುಕೊಳ್ಳುವುದೇ ಯುಕ್ತ.