ಪಣದ ಗಾತ್ರ: ಪೋಕರ್ ಲೆಕ್ಕದಿಂದ ವ್ಯಾಪಾರಿಗೊಂದು ಪಾಠ

ವ್ಯವಹಾರದಲ್ಲಿ ಹಣ ತೊಡಗಿಸುವಾಗ ಎರಡು ಪ್ರಶ್ನೆಗಳು ಏಳುತ್ತವೆ. ತೊಡಗಿಸಬೇಕೇ, ಬೇಡವೇ ಎಂಬುದು ಒಂದು. ಎಷ್ಟು ತೊಡಗಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೀಡುವ ಗಮನವನ್ನು ಎರಡನೆಯದಕ್ಕೆ ನೀಡುವವರು ವಿರಳ. ಈ ಎರಡನೆಯ ಪ್ರಶ್ನೆಯ ಗಣಿತ ಸ್ಪಷ್ಟವಾಗಿ ಕಾಣಸಿಗುವುದು ಪೋಕರ್ ಎಂಬ ಇಸ್ಪೀಟಾಟದಲ್ಲಿ. ಅಮೆರಿಕದ ನೆವಾಡ, ನ್ಯೂಜೆರ್ಸಿ ಮೊದಲಾದ ರಾಜ್ಯಗಳಲ್ಲಿ ಆನ್‌ಲೈನ್ ಪೋಕರ್ ಪರವಾನಗಿಯಡಿ ನಡೆಯುತ್ತದೆ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸಿದೆ. ಆದ್ದರಿಂದ ಇಲ್ಲಿ ಪ್ರಸ್ತುತವಾಗುವುದು ಆಟವಲ್ಲ, ಅದರ ಲೆಕ್ಕ.

ಒಂದು ಸುತ್ತಿನ ಲೆಕ್ಕ

ಮೇಜಿನ ಮಧ್ಯೆ 100 ರೂ. ಸಂಗ್ರಹವಾಗಿದೆ ಎಂದು ಭಾವಿಸಬಹುದು. ಆಟಗಾರನು 50 ರೂ. ಪಣ ಒಡ್ಡಿದರೆ ಎದುರಾಳಿಯು ತಾನೂ 50 ರೂ. ಕಟ್ಟಿ ಒಟ್ಟು 200 ರೂ.ಗೆ ಸ್ಪರ್ಧಿಸುತ್ತಾನೆ. ಗೆಲ್ಲುವ ಸಂಭವ ಶೇ. 25ನ್ನು ಮೀರಿದರೆ ಮಾತ್ರ ಅವನಿಗೆ ಲಾಭ. ಪಣ 100 ರೂ. ಆದರೆ ಈ ಮಿತಿ ಶೇ. 33ಕ್ಕೆ ಏರುತ್ತದೆ. ಸಣ್ಣ ಮೊತ್ತದ ಆಟಗಳಲ್ಲಿ ದುರ್ಬಲ ಎಲೆಗಳನ್ನು ಹಿಡಿದೂ ಹಣ ಕಟ್ಟುತ್ತಲೇ ಹೋಗುವವರು ಹೆಚ್ಚು. ಅಂಥವರೆದುರು ಉತ್ತಮ ಎಲೆಗಳಿದ್ದಾಗ ದೊಡ್ಡ ಪಣ ಒಡ್ಡುವುದು, ಹುಸಿ ಬೆದರಿಕೆಯ ಪಣವನ್ನು ಕಡಿಮೆ ಮಾಡುವುದು ಲಾಭಕರ.

ಒಟ್ಟು ಬಂಡವಾಳದ ಲೆಕ್ಕ

ಗೆಲ್ಲುವ ಸಂಭವ ಹೆಚ್ಚಿದ್ದರೂ ಕೈಯಲ್ಲಿರುವ ಹಣದಲ್ಲಿ ಎಷ್ಟು ಪಾಲು ಹೂಡಬಹುದು? ಇದಕ್ಕೆ 1956ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ ಸೂತ್ರವೊಂದನ್ನು ಪ್ರಕಟಿಸಿದರು. ಗೆದ್ದರೆ ಹೂಡಿದಷ್ಟೇ ಲಾಭ, ಸೋತರೆ ಹೂಡಿದ್ದೆಲ್ಲ ನಷ್ಟ ಎಂಬಲ್ಲಿ ಗೆಲುವಿನ ಸಂಭವ ಶೇ. 60 ಇದ್ದರೆ, ಸೋಲಿನ ಶೇ. 40ನ್ನು ಕಳೆದು ಉಳಿಯುವ ಶೇ. 20 ಅತ್ಯಧಿಕ ಬೆಳವಣಿಗೆ ನೀಡುವ ಪಾಲು.

1 ಲಕ್ಷ ರೂ. ಇಟ್ಟುಕೊಂಡು ಹತ್ತು ಸುತ್ತುಗಳಲ್ಲಿ ಆರನ್ನು ಗೆದ್ದು ನಾಲ್ಕನ್ನು ಸೋತವನ ಸ್ಥಿತಿ ಹೀಗಿರುತ್ತದೆ. ಪ್ರತಿ ಸುತ್ತಿಗೆ ಶೇ. 10 ಹೂಡಿದ್ದರೆ 1,16,232 ರೂ.; ಶೇ. 20 ಹೂಡಿದ್ದರೆ 1,22,306 ರೂ.; ಶೇ. 40 ಹೂಡಿದ್ದರೆ 97,583 ರೂ.; ಶೇ. 50 ಹೂಡಿದ್ದರೆ ಕೇವಲ 71,191 ರೂ. ಗೆಲುವುಗಳ ಸಂಖ್ಯೆ ಅದೇ. ಅತಿಯಾದ ಪಣ ಮಾತ್ರ ಲಾಭವನ್ನು ನಷ್ಟವಾಗಿಸಿತು. ಶೇ. 60 ಎಂಬ ಅಂದಾಜೇ ತಪ್ಪಿರಬಹುದಾದ್ದರಿಂದ ಸೂತ್ರ ಹೇಳುವುದರ ಅರ್ಧ ಹೂಡುವುದು ವಿವೇಕ.

ಉದ್ದರಿ ವ್ಯಾಪಾರಕ್ಕೆ ಅನ್ವಯ

ಉದ್ದರಿ ಮಾರಾಟವೂ ಒಂದು ಪಣವೇ. 100 ರೂ. ಬಿಲ್ಲಿನಲ್ಲಿ ಲಾಭ 10 ರೂ. ಆದರೆ, ಬಿಲ್ಲು ಮುಳುಗಿದಾಗ ನಷ್ಟ 90 ರೂ. ಅದನ್ನು ತುಂಬಲು ಅಷ್ಟೇ ಗಾತ್ರದ ಒಂಬತ್ತು ಬಿಲ್ಲುಗಳು ಪೂರ್ತಿ ವಸೂಲಾಗಬೇಕು. ವಸೂಲಾತಿಯ ಸಂಭವ ಶೇ. 90ನ್ನು ಮೀರದಿದ್ದಲ್ಲಿ ಆ ಮಾರಾಟವೇ ಬೇಡ. ಮೀರಿದರೂ ಒಬ್ಬನೇ ಗಿರಾಕಿಯ ಬಾಕಿ ಬಂಡವಾಳದ ಬಹುಪಾಲನ್ನು ನುಂಗಬಾರದು.

ಆದ್ದರಿಂದ ಪ್ರತಿಯೊಬ್ಬ ಗಿರಾಕಿಗೂ ಸ್ವಂತ ಬಂಡವಾಳದ ಇಂತಿಷ್ಟು ಶೇಕಡಾ ಎಂಬ ಮಿತಿಯನ್ನು ಬರಹದಲ್ಲಿ ನಿಗದಿಪಡಿಸಿ, ತಿಂಗಳಿಗೊಮ್ಮೆ ಬಾಕಿ ಪಟ್ಟಿಯೊಡನೆ ತಾಳೆ ನೋಡುವುದು ಕ್ಷೇಮಕರ. ಒಂದೇ ಉದ್ಯಮವನ್ನು ನೆಚ್ಚಿದ ಐವರು ಗಿರಾಕಿಗಳಿದ್ದರೆ ಅವರೆಲ್ಲರ ಬಾಕಿಯನ್ನು ಒಂದೇ ಪಣವೆಂದು ಎಣಿಸಬೇಕು; ಆ ಉದ್ಯಮ ಕುಸಿದ ದಿನ ಐದೂ ಬಿಲ್ಲುಗಳು ಒಟ್ಟಿಗೇ ನಿಲ್ಲುತ್ತವೆ.