ಬಾಖ್ ಯಾಕೆ ಅರ್ಧ ಸ್ವರ ಕೆಳಗೆ?

ಪ್ರಶ್ನೆ: ಹಳೆಯ ಕಾಲದ ವಾದ್ಯಗಳೊಂದಿಗೆ ಹಾಡಿದ ಬಾಖ್‌ನ ಕೃತಿಗಳ ಸಿ.ಡಿ. ಕೇಳಿದೆ. ನನ್ನ ಕೀಬೋರ್ಡಿನ ಜೊತೆ ಶ್ರುತಿಯೇ ಕೂಡುವುದಿಲ್ಲ. ಮುದ್ರಣದ ದೋಷವೇ?

ಉತ್ತರ: ದೋಷವಲ್ಲ, ಬೇಕೆಂದೇ ಮಾಡಿದ್ದು. ಇಂದಿನ ಆರ್ಕೆಸ್ಟ್ರಾಗಳಲ್ಲಿ 'ಎ' ಸ್ವರಕ್ಕೆ ಸಾಮಾನ್ಯವಾಗಿ 440 ಹರ್ಟ್ಸ್. ಬಾಖ್‌ನ ಕಾಲದ, ಅಂದರೆ ಬರೋಕ್ ಸಂಗೀತವನ್ನು ಹಳೆಯ ವಾದ್ಯಗಳಲ್ಲಿ ನುಡಿಸುವ ತಂಡಗಳು ಹೆಚ್ಚಾಗಿ 415 ಇಟ್ಟುಕೊಳ್ಳುತ್ತವೆ. ಹಾಗಂತ ಬಾಖ್‌ನ ಕಾಲದಲ್ಲಿ ಎಲ್ಲೆಡೆ 415 ಇತ್ತೆಂದು ತಿಳಿಯಬೇಡಿ. ಊರಿಗೊಂದು ಶ್ರುತಿ, ಒಂದೇ ಚರ್ಚಿನೊಳಗೂ ಆರ್ಗನ್‌ದು ಒಂದು, ಕೊಳಲಿನದು ಇನ್ನೊಂದು. 415 ನಮ್ಮ ಕಾಲದ ಒಪ್ಪಂದ. ಅದು 440ಕ್ಕಿಂತ ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೆ. ಹಾಗಾಗಿ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯದ ಕೀಲಿಮಣೆಯನ್ನು ಒಂದು ತಂತಿಯಷ್ಟು ಪಕ್ಕಕ್ಕೆ ಸರಿಸಿದರೆ ಅದೇ ವಾದ್ಯ ಎರಡಕ್ಕೂ ಒದಗುತ್ತದೆ. ಎಷ್ಟು ಜಾಣತನ!

ಗಾಯಕರಿಗಂತೂ ಈ ತಗ್ಗಿನ ಶ್ರುತಿ ವರ. ಮೇಲಿನ ಸ್ವರಗಳಲ್ಲಿ ಗಂಟಲು ಬಿಗಿಯುವುದಿಲ್ಲ. ಹಳೆಯ ಬಗೆಯ ಪಿಟೀಲುಗಳಿಗೆ ಕಟ್ಟುವ ಕುರಿಯ ಕರುಳಿನ ತಂತಿಗಳ ನಾದವೂ ಮೆತ್ತಗಿರುವುದರಿಂದ ಕೂಗಬೇಕಿಲ್ಲ, ಮಾತು ಸ್ಪಷ್ಟ. ಮುದ್ರಣದವರಿಗೆ ಮಾತ್ರ ತಲೆನೋವು. ಕರುಳಿನ ತಂತಿ ಗಾಳಿಯ ತೇವಕ್ಕೇ ಶ್ರುತಿ ಬಿಡುತ್ತದೆ, ಮತ್ತೆ ಮತ್ತೆ ನಿಲ್ಲಿಸಿ ಬಿರಡೆ ತಿರುಗಿಸಬೇಕು.

ಸಂಗೀತ ನಿರ್ದೇಶಕರಾದ ಆರ್ನೊಂಕೂರ್ ಮತ್ತು ಲಿಯೊನ್‌ಹಾರ್ಟ್ 1971ರಲ್ಲಿ ಬಾಖ್‌ನ ಚರ್ಚ್ ಕ್ಯಾಂಟಾಟಾಗಳನ್ನೆಲ್ಲ (ಆರಾಧನೆಗೆಂದು ರಚಿಸಿದ ಗಾಯನ ಕೃತಿಗಳು) ಹೀಗೆ ಹಳೆಯ ವಾದ್ಯಗಳಲ್ಲೇ ಮುದ್ರಿಸಲು ಹೊರಟು ಮುಗಿಸುವಾಗ ಸುಮಾರು 18 ವರ್ಷ ಕಳೆದಿತ್ತು. ಬಾಖ್ ಕೆಲಸ ಮಾಡಿದ ಲೈಪ್‌ಜಿಗ್‌ನ ಚರ್ಚುಗಳಲ್ಲಿ ಹೆಂಗಸರು ಹಾಡುತ್ತಿರಲಿಲ್ಲವೆಂದು ಮೇಲಿನ ದನಿಗೆ ಬಹುಪಾಲು ಹುಡುಗರನ್ನೇ ನಿಲ್ಲಿಸಿದರು. ಕೆಲವು ಕಡೆ ಆ ಮಕ್ಕಳು ಏದುಸಿರು ಬಿಡುವುದು ಕೇಳಿಸುತ್ತದೆ. ನನಗೆ ಅದೂ ಇಷ್ಟ. ಇನ್ನೊಬ್ಬ ನಿರ್ದೇಶಕ ಜೋಶುವಾ ರಿಫ್ಕಿನ್ ಇನ್ನೂ ಮುಂದೆ ಹೋಗಿ, 1982ರಲ್ಲಿ ಹೊರಬಂದ ಬಾಖ್‌ನ ಬಿ ಮೈನರ್ ಮಾಸ್‌ನ ಮುದ್ರಣದಲ್ಲಿ ದೊಡ್ಡ ಮೇಳವನ್ನೇ ಕೈಬಿಟ್ಟು ಒಂದೊಂದು ಪಾಲಿಗೆ ಒಬ್ಬೊಬ್ಬರನ್ನೇ ಹಾಡಿಸಿದರು. ಹಾಗೆ ಹಾಡಿಸುವುದು ಸರಿಯೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ನಿಮ್ಮ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದ್ದರೆ ಒಂದು ಮೆಟ್ಟಿಲು, ಅಂದರೆ ಅರ್ಧ ಸ್ವರ, ಇಳಿಸಿ ಸಿ.ಡಿ. ಜೊತೆ ನುಡಿಸಿ ನೋಡಿ.